ದಾವಣಗೆರೆ ಸೀಮೆಯಲ್ಲೇ ಇದ್ದು ಮಾನವ ಅಭಿವೃದ್ಧಿ, ಕುಟುಂಬ ಅಧ್ಯಯನ ಓದುವುದು ಹೇಗೆ?

ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ಅಂದರೆ ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯ ಹೇಗೆ ಬೆಳೆಯುತ್ತಾನೆ, ಆ ಬೆಳವಣಿಗೆಯಲ್ಲಿ ಮನೆಮಂದಿಯ ಪಾಲೇನು ಅನ್ನುವುದರ ಓದು. ಗೃಹವಿಜ್ಞಾನದವರು ಇದು ನಮ್ಮದು ಅನ್ನುತ್ತಾರೆ, ಮನಃಶಾಸ್ತ್ರದವರೂ ನಮ್ಮದೇ ಅನ್ನುತ್ತಾರೆ, ಸಮಾಜಕಾರ್ಯದವರು ಯಾರನ್ನೂ ಕೇಳದೆ ಬಳಸಿಕೊಳ್ಳುತ್ತಾರೆ. ಹೀಗಾಗಿ ದಾವಣಗೆರೆ, ಚಿತ್ರದುರ್ಗ ಕಡೆಯವರು ಕಾಲೇಜುಗಳ ಪಟ್ಟಿ ಹಿಡಿದು ಇದೇ ಹೆಸರು ಹುಡುಕಿದರೆ ಸಿಗದೆ ಬೇಸರವಾಗುತ್ತದೆ. ಬೇಸರಪಡುವ ಮೊದಲು ಈ ದಾರಿ ನೋಡಿ.

1. ಯಾವ ಹೆಸರಿನಡಿ ಓದುತ್ತೀರಿ ಅಂತ ಮೊದಲು ನಿರ್ಧರಿಸಿ

ಈ ವಿಷಯಕ್ಕೇ ಪ್ರತ್ಯೇಕ ವಿಭಾಗ ಬೇಕು, ಅದರಲ್ಲೇ ಪಿಎಚ್‌.ಡಿ.ವರೆಗೆ ಹೋಗಬೇಕು ಅನ್ನುವವರಿಗೆ ಹತ್ತಿರದ ಜಾಗ ಧಾರವಾಡ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜು ಹಿಂದೆ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಆಗಿತ್ತು. ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್, ಪ್ರವೇಶ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಮೂಲಕ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ರೈತರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಕೃಷಿಯ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಜಗಳೂರು, ಹೊಸದುರ್ಗದ ಕಡೆಯ ಎಷ್ಟೋ ಮಕ್ಕಳು ಈ ಕೋಟಾ ಬಿ.ಎಸ್ಸಿ. ಅಗ್ರಿಗೆ ಮಾತ್ರ ಅಂದುಕೊಂಡು ಸಮುದಾಯ ವಿಜ್ಞಾನದ ಆಯ್ಕೆಯನ್ನೇ ತುಂಬುವುದಿಲ್ಲ.

ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದವರು, ಮನೆ ಬಿಟ್ಟು ಹೋಗಲಾಗದವರು ಇಲ್ಲೇ ಓದಬೇಕು. ದಾವಣಗೆರೆ ವಿಶ್ವವಿದ್ಯಾಲಯ ಮೊದಲು ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, 2009ರಲ್ಲಿ ಸ್ವತಂತ್ರವಾಯಿತು. ಮುಖ್ಯ ಆವರಣ ತೋಳಹುಣಸೆಯ ಶಿವಗಂಗೋತ್ರಿ. ಚಿತ್ರದುರ್ಗದವರಿಗೆ ಗುಡ್ಡದ ರಂಗವ್ವನಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಇದೆ. ವ್ಯಾಪ್ತಿ ಎರಡೇ ಜಿಲ್ಲೆ. ಇಲ್ಲಿ ನಮ್ಮ ವಿಷಯ ಬೇರೆ ಬೇರೆ ಕೋರ್ಸುಗಳಲ್ಲಿ ಚದುರಿ ಕೂತಿದೆ. ಪದವಿಯಲ್ಲಿ ಮನಃಶಾಸ್ತ್ರ, ಸಮಾಜಶಾಸ್ತ್ರ ಅಥವಾ ಗೃಹವಿಜ್ಞಾನ ಸಿಗುವ ಕಾಲೇಜು ಹಿಡಿದು, ಆಮೇಲೆ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡುವುದು ನನಗೆ ಕಂಡ ಸರಳ ದಾರಿ. ಎಂ.ಎಸ್.ಡಬ್ಲ್ಯು.ನಲ್ಲಿ ಕ್ಷೇತ್ರಕಾರ್ಯ ಕಡ್ಡಾಯ, ಈ ವಿಷಯಕ್ಕೆ ಬೇಕಾಗಿರುವುದೂ ಅದೇ. ಪಾಠ ಮಾಡುವ ಆಸೆ ಇದ್ದವರು ಬಿ.ಎಡ್. ಕಡೆ ತಿರುಗಬಹುದು. ಕೆಲಸದ ಜೊತೆ ಓದುವವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಇದೆ: ಪಿಯುಸಿ ಆದವರಿಗೆ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ, ಪದವಿ ಆದವರಿಗೆ ಆಪ್ತಸಮಾಲೋಚನೆ ಮತ್ತು ಕುಟುಂಬ ಚಿಕಿತ್ಸೆಯ ಎಂ.ಎಸ್ಸಿ.

ಒಂದು ಎಚ್ಚರಿಕೆ. ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕೆಂದಿದ್ದರೆ ಸ್ನಾತಕೋತ್ತರ ಪದವಿ ಯಾವ ವಿಷಯದ್ದು ಅನ್ನುವುದೇ ನಿರ್ಣಾಯಕ. ಯುಜಿಸಿ ನೆಟ್‌ನಲ್ಲಿ (ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ) ಮಾನವ ಅಭಿವೃದ್ಧಿ ಬರುವುದು ಗೃಹವಿಜ್ಞಾನದೊಳಗೆ, ಅದರ ಕೋಡ್ 12. ಆಹಾರ, ಪೋಷಣೆ, ಜವಳಿ, ವಿಸ್ತರಣೆ ಎಲ್ಲವೂ ಅದೇ ಪತ್ರಿಕೆಯಲ್ಲಿ. ಎಂ.ಎಸ್.ಡಬ್ಲ್ಯು. ಮಾಡಿದವರು ಬರೆಯುವುದು ಸಮಾಜಕಾರ್ಯದ ಪತ್ರಿಕೆ. ಎರಡು ವರ್ಷ ಓದಿ ಮುಗಿಸಿದ ಮೇಲೆ ಇದು ತಿಳಿದರೆ ಪ್ರಯೋಜನವಿಲ್ಲ.

2. ಸೇರುವ ಮೊದಲು ವಿಭಾಗಕ್ಕೆ ಹೋಗಿ ಕೇಳಿ

ಫೋನಿನಲ್ಲಿ ಬೇಡ, ಹೋಗಿಯೇ ಕೇಳಿ. ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ? ಕ್ಷೇತ್ರಕಾರ್ಯಕ್ಕೆ ಎಲ್ಲೆಲ್ಲಿಗೆ ಕಳಿಸುತ್ತೀರಿ? ಕಳೆದ ವರ್ಷದ ಕ್ಷೇತ್ರಕಾರ್ಯದ ವರದಿ ಒಂದನ್ನು ನೋಡಬಹುದಾ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ವಿಭಾಗದ ಹಣೆಬರಹ ತಿಳಿಯುತ್ತದೆ. ವರದಿ ತೋರಿಸಿದರೆ ತಿರುವಿ ನೋಡಿ. ಎಲ್ಲ ಪುಟಗಳಲ್ಲೂ "ಜಾಗೃತಿ ಕಾರ್ಯಕ್ರಮ ನಡೆಸಲಾಯಿತು" ಅಂತಲೇ ಇದ್ದರೆ ಅಲ್ಲಿ ಬ್ಯಾನರ್ ಕಟ್ಟಿ ಫೋಟೊ ತೆಗೆಸಿದ್ದಾರೆ, ಅಷ್ಟೆ. ಒಂದು ಮನೆಯ ವಿಚಾರ ಎರಡು ಪುಟ ಬರೆದಿದ್ದರೆ ಅಲ್ಲಿ ಓದಬಹುದು.

ಪದವಿ ಪ್ರವೇಶಕ್ಕೆ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್, ವಿದ್ಯಾರ್ಥಿವೇತನಕ್ಕೆ ಅದರದ್ದೇ ಇನ್ನೊಂದು ಪೋರ್ಟಲ್ ಎಸ್‌ಎಸ್‌ಪಿ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ರಾಜ್ಯ 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿದೆ. ಅಕ್ಕನೋ ಅಣ್ಣನೋ ಹೇಳಿದ ಲೆಕ್ಕ ನಿಮ್ಮ ಬ್ಯಾಚಿಗೆ ಹೊಂದದೇ ಇರಬಹುದು. ಇನ್ನು ಓಡಾಟ. ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆಯಿಂದ ಕ್ಷೇತ್ರಕಾರ್ಯದ ಖರ್ಚು ಬಹಳ ಇಳಿದಿದೆ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳದ್ದೇ ಓಡಾಟ ಇರುವ ಹಳ್ಳಿಯನ್ನು ಆರಿಸಿಕೊಂಡರೆ ಕೈಯಿಂದ ಹಾಕಬೇಕಾಗುತ್ತದೆ.

3. ಮೊದಲ ಸೆಮಿಸ್ಟರ್ ಪೂರ್ತಿ ನೋಡಿ ಬರೆಯುವುದನ್ನೇ ಕಲಿಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಿಭಾಗಕ್ಕೇ ಸೇರಿದ ಶಿಶುವಿಹಾರ ಇರುತ್ತದೆ, ಒಮ್ಮುಖ ಗಾಜಿನ ಕೋಣೆ ಇರುತ್ತದೆ, ಪರೀಕ್ಷಾ ಕಿಟ್‌ಗಳಿರುತ್ತವೆ. ನಮ್ಮಲ್ಲಿ ಅವು ಇಲ್ಲ. ಅದರ ಬದಲು ಕಾಲ್ನಡಿಗೆಯ ದೂರದಲ್ಲಿ ಅಂಗನವಾಡಿ ಇದೆ, ಟೀಚರ್ ಪರಿಚಯವಾಗುತ್ತಾರೆ, ಅದೇ ಮಗುವನ್ನು ಎರಡು ವರ್ಷ ಬಿಡದೆ ನೋಡಬಹುದು. ಮಹಾನಗರದ ವಿದ್ಯಾರ್ಥಿಗೆ ಈ ಭಾಗ್ಯ ಸುಲಭಕ್ಕೆ ಸಿಗುವುದಿಲ್ಲ. ಸಣ್ಣ ಊರಲ್ಲಿ ಓದುವುದರ ನಿಜವಾದ ಲಾಭ ಇದೇ, ಬಳಸಿಕೊಳ್ಳುವವರು ಮಾತ್ರ ಕಡಿಮೆ.

ವಾರಕ್ಕೊಮ್ಮೆ ಒಂದೇ ಅಂಗನವಾಡಿಗೆ ಹೋಗಿ. ಮೂಲೆಯಲ್ಲಿ ಚಾಪೆ ಮೇಲೆ ಕೂತು ಒಂದೇ ಮಗುವನ್ನು ಹತ್ತು ನಿಮಿಷ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಬಹುತೇಕರು ಮೊದಲ ದಿನ ಬರೆಯುವುದು ಹೀಗೆ: "ಹುಡುಗಿ ಶಾಂತ ಸ್ವಭಾವದವಳು, ಹೊಂದಿಕೊಂಡು ಹೋಗುತ್ತಾಳೆ." ಇದು ತೀರ್ಪು, ನೋಟವಲ್ಲ. ಬರೆಯಬೇಕಾದ್ದು ಇಂಥದ್ದು:

"10.40. ಬಾಗಿಲ ಬಳಿ ನೀರಿನ ಕೊಡ. ಹುಡುಗಿ, 3 ವರ್ಷ 8 ತಿಂಗಳು, ಲೋಟ ಹಿಡಿದು ನಿಂತಿದ್ದಾಳೆ. ಹುಡುಗನೊಬ್ಬ ಬಂದು ಲೋಟ ಕಿತ್ತುಕೊಂಡ. ಅವಳು ಸಹಾಯಕಿಯ ಮುಖ ನೋಡಿದಳು. ಸಹಾಯಕಿ ತಿರುಗಲಿಲ್ಲ. 'ನಂದು' ಅಂದಳು. ಅವನು ಕೊಡಲಿಲ್ಲ. ಒಳಗೆ ಹೋಗಿ ಬೇರೆ ಲೋಟ ತಂದಳು. ನೀರು ತುಂಬಿಕೊಂಡು ಮೊದಲು ಅವನ ಲೋಟಕ್ಕೆ ಸ್ವಲ್ಪ ಸುರಿದಳು, ಆಮೇಲೆ ತಾನು ಕುಡಿದಳು."

ಈ ನಾಲ್ಕು ಸಾಲಿನಲ್ಲಿ ಏನೇನಿದೆ ನೋಡಿ. ಏನು ಮಾಡಬೇಕು ಅಂತ ತೋಚದಾಗ ದೊಡ್ಡವರ ಮುಖ ನೋಡುವುದು, ತನ್ನದು ಅನ್ನುವ ಅರಿವು, ಒಂದು ದಾರಿ ಮುಚ್ಚಿದಾಗ ಇನ್ನೊಂದು ಹುಡುಕುವುದು, ಕಿತ್ತುಕೊಂಡವನಿಗೇ ನೀರು ಕೊಟ್ಟು ಜಗಳ ಮುಗಿಸುವುದು. ಪಠ್ಯದ ಎರಡು ಅಧ್ಯಾಯ ಅಲ್ಲಿದೆ. "ಶಾಂತ ಸ್ವಭಾವ" ಅಂತ ಬರೆದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿಕೊಳ್ಳಿ. ಎಡಗಡೆ ಕಂಡದ್ದು, ಬಲಗಡೆ ಅನಿಸಿದ್ದು. ಬಲಗಡೆಯದ್ದನ್ನು ಮನೆಗೆ ಬಂದ ಮೇಲೆ ಬರೆಯಿರಿ.

ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಬೇಕು. "ಮೂರು ತುಂಬೇತ್ರಿ" ಅಂದರೆ ಸಾಲದು, ತಾಯಿ ಕಾರ್ಡ್ ಕೇಳಿ. ದೊಡ್ಡವರ ವಯಸ್ಸಿಗೆ ಕಾಗದ ಇರುವುದಿಲ್ಲ, ಜಾತ್ರೆಯ ಲೆಕ್ಕ ಕೇಳಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಾಯಕನಹಟ್ಟಿಯ ತೇರು ವರ್ಷ ವರ್ಷ. ಇಂಥವನ್ನೆಲ್ಲ ಸೇರಿಸಿ ಊರಿನ ಕ್ಯಾಲೆಂಡರ್ ಒಂದನ್ನು ನೀವೇ ಮಾಡಿಟ್ಟುಕೊಂಡರೆ ಅಜ್ಜಿಯರ ಬಾಯಲ್ಲಿ ಬರುವ "ಆ ಜಾತ್ರಿ ಮುಂದ, ಈ ಬರಗಾಲದ ಹಿಂದ" ಅನ್ನುವುದನ್ನೆಲ್ಲ ಇಸವಿಗೆ ತರಬಹುದು.

ಕೈಗೆ ಸಿಗುವ ಸಾಧನಗಳನ್ನೂ ಕಲಿಯಿರಿ. ತಿರುವನಂತಪುರದ ಮಕ್ಕಳ ಅಭಿವೃದ್ಧಿ ಕೇಂದ್ರ ರೂಪಿಸಿದ ತಪಾಸಣಾ ಪಟ್ಟಿ ಹುಟ್ಟಿನಿಂದ ಎರಡು ವರ್ಷದ ಮಕ್ಕಳಿಗೆ, ಅದರಲ್ಲಿರುವುದು 17 ಅಂಶ. ಮಗುವಿನ ವಯಸ್ಸಿನ ತಿಂಗಳ ಮೇಲೆ ಪೆನ್ಸಿಲ್ಲನ್ನು ಲಂಬವಾಗಿ ಇಡುವುದು. ಅದರ ಎಡಕ್ಕಿರುವ ಯಾವುದನ್ನಾದರೂ ಮಗು ಮಾಡದಿದ್ದರೆ ಮುಂದಿನ ತಪಾಸಣೆಗೆ ಕಳಿಸುವುದು. ತೋಳಿನ ಸುತ್ತಳತೆಯ ಪಟ್ಟಿಯೂ ಅಷ್ಟೇ ಸರಳ: 6 ತಿಂಗಳಿಂದ 59 ತಿಂಗಳ ಮಗುವಿನಲ್ಲಿ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎಳೆಯ ಮಕ್ಕಳ ಬೆಳವಣಿಗೆ ಅಳೆಯಲು ಬರೋಡಾದ ಮಕ್ಕಳ ಮೇಲೆ ಪ್ರಮಿಳಾ ಫಾಟಕ್ ಸಿದ್ಧಪಡಿಸಿದ ಡಿಎಎಸ್‌ಐಐ ಮಾಪಕದ ಹೆಸರು ಪಠ್ಯದಲ್ಲಿ ಬರುತ್ತದೆ. ಅದಕ್ಕೆ ಕಿಟ್ ಬೇಕು, ತರಬೇತಿ ಬೇಕು, ಓದಿಕೊಂಡು ಮಾಡುವಂಥದ್ದಲ್ಲ. ಮತ್ತೆ, ಯಾವ ಪಟ್ಟಿಯಲ್ಲಿ ಏನೇ ಬರಲಿ, "ನಿಮ್ಮ ಮಗು ಹಿಂದೆ ಬಿದ್ದೈತ್ರಿ" ಅಂತ ತಾಯಿಗೆ ನೀವು ಹೇಳಬೇಡಿ. ಟೀಚರ್‌ಗೆ ತಿಳಿಸಿ, ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದವರು ನೋಡಲಿ.

4. ಸಿದ್ಧಾಂತವನ್ನು ನಮ್ಮ ಶೇಂಗಾ ಇಟ್ಟು ನೋಡಿ

ಪಿಯಾಜೆ, ಎರಿಕ್‌ಸನ್, ವೈಗೋಟ್‌ಸ್ಕಿ, ಬೌಲ್ಬಿ, ಬ್ರಾನ್‌ಫೆನ್‌ಬ್ರೆನರ್ ಮನುಷ್ಯನ ಬೆಳವಣಿಗೆಗೆ ಸಿದ್ಧಾಂತ ಕೊಟ್ಟ ಈ ಐವರಿಲ್ಲದೆ ಯಾವ ಪ್ರಶ್ನೆಪತ್ರಿಕೆಯೂ ಇಲ್ಲ. ಗೈಡ್ ಪುಸ್ತಕದಿಂದ ಎರಿಕ್‌ಸನ್ನನ ಎಂಟು ಹಂತ ಬಾಯಿಪಾಠ ಮಾಡಿದರೆ ಪಾಸಾಗುತ್ತೀರಿ, ಸಂದರ್ಶನದಲ್ಲಿ ಮಾತ್ರ ಸಿಕ್ಕಿಬೀಳುತ್ತೀರಿ.

ಪಿಯಾಜೆಯಿಂದ ಶುರು ಮಾಡಿ, ಖರ್ಚಿಲ್ಲ. ಆರು ಶೇಂಗಾ ಬೀಜ ಒಂದು ಸಾಲು, ಅದರ ಎದುರಿಗೆ ಸರಿಯಾಗಿ ಇನ್ನಾರು. ನಾಲ್ಕು ವರ್ಷದ ಮಗುವನ್ನು ಕೇಳಿ: "ಎರಡೂ ಸಾಲು ಸಮ ಅದಾವಾ, ಒಂದ್ರಾಗ ಜಾಸ್ತಿ ಅದಾವಾ?" ಸಮ ಅನ್ನುತ್ತದೆ. ಈಗ ಮಗು ನೋಡುತ್ತಿರುವಂತೆಯೇ ಒಂದು ಸಾಲನ್ನು ಅಗಲ ಹರಡಿ ಮತ್ತೆ ಕೇಳಿ. ಉದ್ದದ ಸಾಲಿನಲ್ಲಿ ಜಾಸ್ತಿ ಅನ್ನುವ ಮಕ್ಕಳೇ ಹೆಚ್ಚು. ಏಳು ವರ್ಷದ ಹೊತ್ತಿಗೆ ಇದು ಬದಲಾಗುತ್ತದೆ, ಹರಡಿದರೂ ಎಣಿಕೆ ಅಷ್ಟೇ ಅನ್ನುವುದು ಮಗುವಿಗೆ ತಿಳಿಯುತ್ತದೆ. "ಯಾಕೆ?" ಅಂತ ಕೇಳಿ ಉತ್ತರವನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಿ. ಹೌದು-ಅಲ್ಲ ಎಣಿಸುವುದಕ್ಕಿಂತ ಇದು ಮುಖ್ಯ. ಇದಕ್ಕೆ ಆಕ್ಷೇಪಣೆಯೂ ಇದೆ: ಒಂದೇ ಪ್ರಶ್ನೆಯನ್ನು ದೊಡ್ಡವರು ಎರಡು ಸಲ ಕೇಳಿದರೆ ಮೊದಲು ಹೇಳಿದ್ದು ತಪ್ಪಿರಬೇಕು ಅಂದುಕೊಂಡು ಮಗು ಉತ್ತರ ಬದಲಿಸಬಹುದು. 1970ರ ದಶಕದಲ್ಲೇ ಎದ್ದ ಮಾತಿದು. ಹಾಗಾಗಿ ಅರ್ಧ ಮಕ್ಕಳಿಗೆ ಎರಡು ಸಲ ಕೇಳಿ, ಅರ್ಧ ಮಕ್ಕಳಿಗೆ ಹರಡಿದ ಮೇಲೆ ಒಂದೇ ಸಲ ಕೇಳಿ ನೋಡಿ. ಆಗ ಅದು ಕಾಪಿ ಹೊಡೆದ ಪ್ರಯೋಗವಾಗದೆ ನಿಮ್ಮದಾಗುತ್ತದೆ.

ಮುಂದಿನ ಪ್ರಶ್ನೆ: ಮನೆಯ ಕಸುಬು ಮಗುವಿನ ಯೋಚನೆಯನ್ನು ಬದಲಿಸುತ್ತದೆಯೇ? ಮೆಕ್ಸಿಕೋದಲ್ಲಿ ಪ್ರೈಸ್-ವಿಲಿಯಮ್ಸ್ ಮತ್ತು ಜೊತೆಯವರು 1969ರಲ್ಲಿ ಕುಂಬಾರರ ಮಕ್ಕಳನ್ನು ಪರೀಕ್ಷಿಸಿದರು. ಮಣ್ಣಿನ ಆಕಾರ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಅನ್ನುವುದು ಬೇರೆ ಮಕ್ಕಳಿಗಿಂತ ಅವರಿಗೆ ಚೆನ್ನಾಗಿ ತಿಳಿದಿತ್ತು. ಅದೇ ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ನೇಯ್ಗೆ ಕಲಿಯುವ ಹುಡುಗಿಯರನ್ನು ತಲೆಮಾರು ಕಳೆದರೂ ಬಿಡದೆ ಅಧ್ಯಯನ ಮಾಡಿದ್ದಾರೆ. ನಮ್ಮ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗಗಳಿವೆ. ಮಗ್ಗದ ಪಕ್ಕದಲ್ಲೇ ಬೆಳೆದ ಮಗು ವಿನ್ಯಾಸವನ್ನು ಹೇಗೆ ಗುರುತು ಹಿಡಿಯುತ್ತದೆ, ಯಾರು ಹೇಗೆ ಕಲಿಸುತ್ತಾರೆ, ಬಾಯಲ್ಲಿ ಹೇಳುತ್ತಾರೋ ಕೈ ಹಿಡಿದು ತೋರಿಸುತ್ತಾರೋ? ಇಂಥ ಪ್ರಶ್ನೆ ಬಿಟ್ಟು "ಮೊಬೈಲ್ ಬಳಕೆಯ ದುಷ್ಪರಿಣಾಮಗಳು" ಅಂತ ನೂರನೆಯ ಪ್ರಬಂಧ ಬರೆಯುವುದು ಯಾಕೋ ತಿಳಿಯದು.

ಬ್ರಾನ್‌ಫೆನ್‌ಬ್ರೆನರ್‌ನ ವೃತ್ತಗಳು, ಅಂದರೆ ಮಗುವಿನ ಸುತ್ತ ಒಂದರಾಚೆ ಒಂದರಂತೆ ಇರುವ ಪರಿಸರಗಳು, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಬೇಗ ಅರ್ಥವಾಗುತ್ತವೆ. ನಸುಕಿನಲ್ಲೇ ಕೆಲಸ ಶುರುವಾಗುವ ಮನೆಯಲ್ಲಿ ಮಗುವನ್ನು ಎಬ್ಬಿಸಿ ಶಾಲೆಗೆ ಹೊರಡಿಸುವವರು ಯಾರು? ಅಪ್ಪನ ಕೆಲಸದ ಜಾಗಕ್ಕೆ ಮಗು ಹೋಗುವುದಿಲ್ಲ, ಆದರೂ ಆ ಕೆಲಸದ ಹೊತ್ತು ಮಗುವಿನ ದಿನವನ್ನು ಆಳುತ್ತದೆ. ಮೂರನೆಯ ವೃತ್ತ ಅಂದರೆ ಇದೇ. ಮಗು ಮತ್ತು ಸಾಕುವವರ ನಂಟಿನ ಬಗ್ಗೆ ಹೇಳುವ ಬೌಲ್ಬಿಯ ಬಾಂಧವ್ಯ ಸಿದ್ಧಾಂತವನ್ನು ಓದುವಾಗ ಸ್ವಲ್ಪ ಅನುಮಾನ ಜೊತೆಗಿರಲಿ. ಮೇರಿ ಐನ್ಸ್‌ವರ್ತ್ ಈ ನಂಟನ್ನು ಅಳೆಯಲು ಮಾಡಿದ ಪರೀಕ್ಷೆಯಲ್ಲಿ ತಾಯಿ ಕೋಣೆಯಿಂದ ಹೊರಗೆ ಹೋಗುತ್ತಾಳೆ, ಮಗು ಅಪರಿಚಿತರ ಜೊತೆ ಉಳಿಯುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲಿ, ಎರೆಯುವವಳು ಅಜ್ಜಿ, ಎತ್ತಿಕೊಳ್ಳುವವಳು ದೊಡ್ಡಮ್ಮ, ಅಪ್ಪನ ಮನೆಗೆ ಬರುವುದೇ ತಿಂಗಳುಗಳಾದ ಮೇಲೆ. ಇಂಥ ಮಗುವಿಗೆ ಅಳೆಯಬೇಕಾದ್ದು ತಾಯಿಯೊಬ್ಬಳ ಜೊತೆಗಿನ ನಂಟನ್ನು ಮಾತ್ರವೇ? ಈ ಪ್ರಶ್ನೆ ತರಗತಿಯಲ್ಲಿ ಎತ್ತಿ.

5. ಬಾಗಿಲು ತಟ್ಟುವ ಮೊದಲು ಪತ್ರ

ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಅಂಗನವಾಡಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಿಂದ, ಶಾಲೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಅನುಮತಿ ತೆಗೆದುಕೊಳ್ಳಿ. ಮನೆಗಳಿಗೆ ಹೋಗುವಾಗ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಮೊದಲ ಸಲ ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ಟೀಚರ್ ಮೇಲೆ ಮೊದಲೇ ಹೊರೆ ಇದೆ: ತೂಕ, ಊಟ, ಮೊಟ್ಟೆಯ ಲೆಕ್ಕ, ಇದನ್ನೆಲ್ಲ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್. ನೀವು ಹೋದ ದಿನ ಮಕ್ಕಳನ್ನು ಆಡಿಸುವ ಕೆಲಸ ವಹಿಸಿಕೊಳ್ಳಿ.

ಮಕ್ಕಳ ಫೋಟೊ ಬೇಡ, ವರದಿಯಲ್ಲಿ ನಿಜವಾದ ಹೆಸರು ಬೇಡ, ಸ್ಟೇಟಸ್‌ಗಂತೂ ಬೇಡವೇ ಬೇಡ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ನೀವೇ ವಿಚಾರಣೆಗೆ ಇಳಿಯಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಗೊತ್ತಿದ್ದವರು ತಿಳಿಸಲೇಬೇಕು, ವಿದ್ಯಾರ್ಥಿ ಅನ್ನುವ ವಿನಾಯಿತಿ ಇಲ್ಲ. ಮಾರ್ಗದರ್ಶಕರಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬಾಲ್ಯವಿವಾಹದ ವಿಷಯಕ್ಕೂ ಅದೇ ಸಂಖ್ಯೆ.

6. ಕುಟುಂಬದ ನಕ್ಷೆ ಬರೆಯಿರಿ

ಮೂರು ತಲೆಮಾರಿನ ನಕ್ಷೆ ಇಲ್ಲದೆ ಕುಟುಂಬ ಅಧ್ಯಯನ ಇಲ್ಲ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಹೋದವರಿಗೆ ಅಡ್ಡಗೀಟು, ಮದುವೆಗೆ ಒಂದು ಗೆರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಜೋಡಿ ಗೆರೆ. ಪಾಶ್ಚಾತ್ಯ ಪಠ್ಯದಲ್ಲಿ ಈ ಜೋಡಿ ಗೆರೆ ಅಪರೂಪದ ಉದಾಹರಣೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ನಮ್ಮ ಕಡೆ ಅದು ಮನೆಮನೆಯಲ್ಲೂ ಬರಬಹುದು, ನಕ್ಷೆ ಸುತ್ತಿ ಬಂದು ತನ್ನನ್ನೇ ಮುಟ್ಟುತ್ತದೆ. ಗೆರೆಗಳ ಕೆಳಗೆ ಕಿವುಡುತನ, ಹುಟ್ಟಿನ ನ್ಯೂನತೆ, ಎಳವೆಯಲ್ಲೇ ತೀರಿಕೊಂಡ ಮಕ್ಕಳನ್ನೂ ಗುರುತಿಸುವಾಗ ಧ್ವನಿ ತಗ್ಗಿರಲಿ. "ಅದಕ್ಕೇ ಹೀಗಾಗಿದ್ದು" ಅಂತ ಆ ಮನೆಯಲ್ಲಿ ಕೂತು ಹೇಳುವ ಅಧಿಕಾರ ನಿಮಗಿಲ್ಲ.

ಪ್ರಶ್ನೆಗಳು ಪ್ರಶ್ನಾವಳಿಯ ಭಾಷೆಯಲ್ಲಿದ್ದರೆ ಬಾಯಿ ಮುಚ್ಚಿಹೋಗುತ್ತದೆ. "ಕುಟುಂಬದಲ್ಲಿ ನಿರ್ಧಾರ ಕೈಗೊಳ್ಳುವವರು ಯಾರು?" ಅಂದರೆ "ಯಜಮಾನ್ರು" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. "ಅಜ್ಜಿ, ಹೋದ ಸಲ ಮೆಕ್ಕೆಜೋಳ ಮಾರಿದ ದುಡ್ಡು ಯಾರ ಕೈಗೆ ಬಂತು? ಅದ್ರಾಗ ಏನು ಮಾಡಿದ್ರಿ?" ಅಂತ ಕೇಳಿ. ಮಾತು ಸೊಸೆಯ ಕಡೆ, ಮಗಳ ಬಾಣಂತನದ ಕಡೆ, ಸಂಘದ ಸಾಲದ ಕಡೆ ತಾನಾಗಿ ಹರಿಯುತ್ತದೆ. ಅತ್ತೆ ಸೊಸೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಒಬ್ಬರದ್ದೇ ಉತ್ತರ ಸಿಗುತ್ತದೆ, ಯಾರದ್ದು ಅಂತ ಹೇಳಬೇಕಾಗಿಲ್ಲ.

ಚಿತ್ರದುರ್ಗದ ಕಡೆ ಪ್ರಬಂಧ ಅಂದಕೂಡಲೇ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹೊರಗಿಡುವ ಪದ್ಧತಿಯ ವಿಷಯ ಎತ್ತಿಕೊಳ್ಳುವವರಿದ್ದಾರೆ. ವಿಷಯ ಗಂಭೀರ, ಬಾಣಂತಿ ಮತ್ತು ಮಗುವಿನ ಜೀವದ ಪ್ರಶ್ನೆ. ಆದರೆ ಎರಡು ದಿನ ಹೋಗಿ ಗುಡಿಸಲ ಫೋಟೊ ತಂದು ಬರೆಯುವುದಾದರೆ ಬೇಡ. ಹಟ್ಟಿಯ ಹೆಣ್ಣುಮಕ್ಕಳೇ ಮಾತಿಗೆ ಒಪ್ಪಿದರೆ, ಒಳಗಿನ ಒಬ್ಬಳು ಶಿಕ್ಷಕಿಯೋ ಆಶಾ ಕಾರ್ಯಕರ್ತೆಯೋ ಜೊತೆಗಿದ್ದರೆ, ತಿಂಗಳುಗಟ್ಟಲೆ ಹೋಗಿಬರುವ ತಾಳ್ಮೆ ಇದ್ದರೆ ಕೈ ಹಾಕಿ.

7. ಓದು ಮುಗಿದ ಮೇಲೆ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿ, ಸಿಡಿಪಿಒ ಹುದ್ದೆಗಳು ಎಲ್ಲರ ಕಣ್ಣಿಗೆ ಬೀಳುವಂಥವು. ಅಧಿಸೂಚನೆ ಯಾವಾಗ ಬರುತ್ತದೋ ಅಂತ ಕಾಯುತ್ತ ಕೂರುವುದು ಬೇಡ. ಆರ್‌ಬಿಎಸ್‌ಕೆ ಅಡಿಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗ ನೆರವಾಗಲು ಜಿಲ್ಲಾ ಮಟ್ಟಕ್ಕೆ ರೂಪಿಸಿದ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಲ್ಲಿ ವಿಶೇಷ ಶಿಕ್ಷಕರು, ಸಮಾಜಕಾರ್ಯಕರ್ತರ ಹುದ್ದೆಗಳಿವೆ. ಮಕ್ಕಳ ರಕ್ಷಣಾ ಘಟಕ, ಸಾಂತ್ವನ ಕೇಂದ್ರ, ವೃದ್ಧಾಶ್ರಮ, ಸ್ವಯಂಸೇವಾ ಸಂಸ್ಥೆಗಳಿವೆ. ಅಂಗವಿಕಲ ಮಕ್ಕಳಿಗೆ ಕಲಿಸುವ ಮನಸ್ಸಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ವಿಶೇಷ ಬಿ.ಎಡ್. ಮಾಡಿ. ಒಬ್ಬ ವಿಶೇಷ ಶಿಕ್ಷಕಿಗಾಗಿ ತಾಲ್ಲೂಕು ದಾಟಿ ಮಗುವನ್ನು ಹೊತ್ತೊಯ್ಯುವ ತಾಯಂದಿರು ನಮ್ಮಲ್ಲಿದ್ದಾರೆ. ಬೋರ್ಡಿನಲ್ಲಿ "ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಬರೆಸಿಕೊಳ್ಳಲು ಮಾತ್ರ ನಮ್ಮ ಪದವಿ ಸಾಲದು. ಅದಕ್ಕೆ ಬೇರೆಯದೇ ಓದು, ಅದೇ ಪರಿಷತ್ತಿನ ನೋಂದಣಿ ಬೇಕು.

ಪ್ರತಿ ಕ್ಷೇತ್ರಕಾರ್ಯದ ಕೊನೆಯ ದಿನವೇ ಆ ಸಂಸ್ಥೆಯ ಸಹಿ, ಮೊಹರು ಇರುವ ಪ್ರಮಾಣಪತ್ರ ತೆಗೆದುಕೊಳ್ಳಿ. ಎಷ್ಟು ಗಂಟೆ, ಯಾವ ವಯಸ್ಸಿನವರ ಜೊತೆ, ಏನು ಕೆಲಸ ಅನ್ನುವುದು ಅದರಲ್ಲಿರಲಿ. ಅಧಿಕಾರಿ ವರ್ಗವಾದ ಮೇಲೆ ಹುಡುಕಿಕೊಂಡು ಹೋಗುವುದು ಯಾರಿಗೂ ಬೇಡ. ಅರ್ಜಿ ಹಾಕುವಾಗ ವಿದ್ಯಾರ್ಹತೆಯ ಕಾಲಂನಲ್ಲಿ "ಗೃಹವಿಜ್ಞಾನ" ಅಂತಿದೆಯೋ "ಸಮಾಜಕಾರ್ಯ" ಅಂತಿದೆಯೋ "ಮಕ್ಕಳ ಅಭಿವೃದ್ಧಿ" ಅಂತಿದೆಯೋ ಅಕ್ಷರ ಅಕ್ಷರ ಓದಿ. ನಿಮ್ಮ ಪದವಿಯ ಹೆಸರು ಅದಕ್ಕೆ ತಾಳೆಯಾಗದಿದ್ದರೆ ಪಠ್ಯಕ್ರಮದ ಪ್ರತಿ, ಎರಡೂ ಪದವಿ ಸಮಾನ ಅನ್ನುವ ವಿಶ್ವವಿದ್ಯಾಲಯದ ಪತ್ರ ಬೇಕಾಗುತ್ತದೆ. ಕೊನೆಯ ದಿನಾಂಕದ ವಾರ ಕುಲಸಚಿವರ ಕಚೇರಿಯ ಮುಂದೆ ನಿಲ್ಲುವ ಬದಲು, ಘಟಿಕೋತ್ಸವದ ಪ್ರಮಾಣಪತ್ರ ತರಲು ಹೋದ ದಿನವೇ ಅದಕ್ಕೂ ಅರ್ಜಿ ಕೊಟ್ಟು ಬನ್ನಿ.